ಒಪ್ಪಿ ಮಾಡಿದ ಮೇಲೂ ಅಳು ಬರುವುದೇಕೆ? ಬಿಡಿಎಸ್‌ಎಂ ನಂತರದ ಆರೈಕೆ ಬಗ್ಗೆ ಮೂರು ತಪ್ಪು ನಂಬಿಕೆಗಳು

ವಯಸ್ಕರು ಪರಸ್ಪರ ಒಪ್ಪಿ ಕೈಕಾಲು ಕಟ್ಟುವುದು, ಒಬ್ಬರು ಹೇಳಿದಂತೆ ಇನ್ನೊಬ್ಬರು ಕೇಳುವುದು, ಮಿತಿಯೊಳಗೆ ನೋವು ಕೊಡುವುದು ಮುಂತಾದ ಲೈಂಗಿಕ ಚಟುವಟಿಕೆಗಳನ್ನು ಒಟ್ಟಾಗಿ ಬಿಡಿಎಸ್‌ಎಂ ಎನ್ನುತ್ತಾರೆ. ಅದು ಮುಗಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದೇ ‘ಆಫ್ಟರ್‌ಕೇರ್’. ಈ ಬಗ್ಗೆ ಕೇಳಿಬರುವ ಮೂರು ಮಾತುಗಳನ್ನು ಪರಿಶೀಲಿಸೋಣ.

‘ಇದೆಲ್ಲ ಮಾನಸಿಕ ಕಾಯಿಲೆ, ಆರೈಕೆ ಏನು ಬಂತು?’

ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಹಳೆಯ ಪಟ್ಟಿಯಲ್ಲಿದ್ದ ‘ಸ್ಯಾಡೋಮ್ಯಾಸೊಕಿಸಂ’ ಅದರಲ್ಲಿಲ್ಲ. ಒಪ್ಪಿಗೆ ಇಲ್ಲದವರಿಗೆ ನೋವು ಕೊಡುವ ತೀವ್ರ ಲೈಂಗಿಕ ಒಲವು ಮಾತ್ರ ಬೇರೆ ಮಾತು; ಅದು ಈಗಲೂ ಕಾಯಿಲೆಯೇ.

‘ಇಷ್ಟಪಟ್ಟು ಮಾಡಿದ್ದರೆ ಆಮೇಲೆ ಅಳು ಬರಬಾರದು’

ತಪ್ಪು. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅಧೀನ ಪಾತ್ರದಲ್ಲಿದ್ದವರ ದೇಹದಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರಿದ್ದು ಕಂಡುಬಂತು. ಎಲ್ಲವೂ ಚೆನ್ನಾಗಿ ನಡೆದಿದ್ದರೆ ಜೋಡಿಗಳ ಆಪ್ತತೆಯೂ ಹೆಚ್ಚಿತ್ತು. ಅಂದರೆ ಖುಷಿ ಮತ್ತು ಒತ್ತಡ ಒಟ್ಟಿಗೇ ಇರಬಹುದು. ಆ ಉದ್ವೇಗ ಇಳಿದಾಗ ನಡುಕ, ಸುಸ್ತು, ಅಳು ಬರಬಹುದು. ಕೆಲವರಿಗೆ ಒಂದೆರಡು ದಿನ ಬಿಟ್ಟು ಮನಸ್ಸು ಕುಗ್ಗುತ್ತದೆ. ನೋವು ಕೊಟ್ಟವರಿಗೂ ‘ನಾನು ಕೆಟ್ಟವನೇ?’ ಎಂಬ ಅಳುಕು ಕಾಡಬಹುದು.

ಏನು ಮಾಡಬೇಕು?

• ಹೊದಿಕೆ, ನೀರು, ತಿನ್ನಲು ಏನಾದರೂ ಹತ್ತಿರ ಇರಲಿ. ತಕ್ಷಣ ಎದ್ದು ಹೋಗಬೇಡಿ.
• ಅಪ್ಪುಗೆ ಬೇಕೋ, ಸುಮ್ಮನೆ ಕೂರಬೇಕೋ ಎಂದು ಮೊದಲೇ ಮಾತಾಡಿಕೊಳ್ಳಿ. ಮರುದಿನ ಒಂದು ಫೋನ್ ಮಾಡಿ.
• ಬಾವು ಬಂದಲ್ಲಿ ಬಟ್ಟೆ ಸುತ್ತಿದ ಐಸ್ ಇಡಿ. ಮೇಣದಿಂದ ಸುಟ್ಟಿದ್ದರೆ 20 ನಿಮಿಷ ಹರಿಯುವ ನೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್ ಹಚ್ಚಬೇಡಿ.
• ಹಗ್ಗ ಬಿಚ್ಚಿದ ಮೇಲೂ ಕೈ ಜೋಮು ಹಿಡಿದೇ ಇದ್ದರೆ, ಮಣಿಕಟ್ಟು ಎತ್ತಲಾಗದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ವೈದ್ಯರಿಗೆ ತೋರಿಸಿ.
• ಕುತ್ತಿಗೆ ಒತ್ತುವುದಕ್ಕೆ ಸುರಕ್ಷಿತ ವಿಧಾನವೇ ಇಲ್ಲ. ಒತ್ತಿದ ನಂತರ ದನಿ ಬದಲಾದರೆ, ನುಂಗಲು ಕಷ್ಟವಾದರೆ, ತಲೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತನಾಳಕ್ಕೆ ಆದ ಗಾಯದಿಂದ ಕೆಲವು ದಿನಗಳ ನಂತರವೂ ಪಾರ್ಶ್ವವಾಯು ಆಗಬಹುದು. ನಡೆದದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.

‘ಆಮೇಲೆ ಪ್ರೀತಿಯಿಂದ ನೋಡಿಕೊಂಡರೆ ಎಲ್ಲ ಸರಿಹೋಗುತ್ತದೆ’

ಇದು ಮೂರರಲ್ಲಿ ಅತ್ಯಂತ ಅಪಾಯಕಾರಿ. ‘ಸಾಕು’ ಎಂದ ಮೇಲೂ ನಿಲ್ಲಿಸದಿದ್ದರೆ ಅದು ದೌರ್ಜನ್ಯ. ಆಮೇಲಿನ ಅಪ್ಪುಗೆ, ಕ್ಷಮೆ, ಉಡುಗೊರೆ ಯಾವುದೂ ಅದನ್ನು ಒಪ್ಪಿಗೆಯಾಗಿ ಬದಲಿಸುವುದಿಲ್ಲ. ಅಳು ಬಂದ ಮಾತ್ರಕ್ಕೆ ದೌರ್ಜನ್ಯ ಆಗಿದೆ ಎಂದಲ್ಲ. ಅಳು ಬರಲಿಲ್ಲವೆಂದರೆ ಆಗಿಲ್ಲ ಎಂದೂ ಅಲ್ಲ. ನಿಮ್ಮ ಮಿತಿಯನ್ನು ಗೌರವಿಸಿದರೇ ಎಂಬುದೇ ಮುಖ್ಯ ಪ್ರಶ್ನೆ.

ಇಲ್ಲ ಎಂಬುದು ನಿಮ್ಮ ಉತ್ತರವಾದರೆ ತುರ್ತು ನೆರವಿಗೆ 112, ಮಹಿಳೆಯರಿಗೆ 181 ಇದೆ. ಮನಸ್ಸಿನ ಕುಗ್ಗುವಿಕೆ ಕಡಿಮೆಯಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.