ಮಗುವಿನ ರಕ್ತದ ಗುಂಪು ಅಪ್ಪ–ಅಮ್ಮನಿಗೆ ಹೊಂದದಿದ್ದರೆ? 10ನೇ ತರಗತಿ ಪಾಠ ಹೇಳುವುದೇನು, ವಾಟ್ಸ್‌ಆ್ಯಪ್ ಪಟ್ಟಿ ಮುಚ್ಚಿಡುವುದೇನು

ಚುಟುಕಾಗಿ

ಅಪ್ಪ–ಅಮ್ಮ ಇಬ್ಬರೂ ‘ಎ’ ಗುಂಪಿನವರಾಗಿದ್ದು ಮಗು ‘ಓ’ ಆಗಿರುವುದು ತೀರಾ ಸಹಜ. ‘ಅಸಾಧ್ಯ’ ಎಂದು ಪಟ್ಟಿಯಲ್ಲಿರುವ ಜೋಡಿಗಳಲ್ಲೂ ಮೊದಲು ಅನುಮಾನಿಸಬೇಕಾದ್ದು ರಿಪೋರ್ಟನ್ನು, ತಾಯಿಯನ್ನಲ್ಲ. ಕಿವಿಯ ಹಾಲೆ, ನಾಲಿಗೆ ಮಡಚುವುದು, ಕಣ್ಣಿನ ಬಣ್ಣ ನೋಡಿ ಮಗು ಯಾರದೆಂದು ಹೇಳಲು ಬರುವುದೇ ಇಲ್ಲ.

ವಿಷಯ ಏನು?

10ನೇ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠ ಬಂದಾಗ ಮಕ್ಕಳು ಕಲಿತದ್ದನ್ನು ಮನೆಯವರ ಮೇಲೆ ಪ್ರಯೋಗಿಸಿ ನೋಡುತ್ತಾರೆ. ಅಪ್ಪನ ಕಿವಿ, ಅಜ್ಜಿಯ ನಾಲಿಗೆ, ಅಮ್ಮನ ತಾಯಿ ಕಾರ್ಡಿನಲ್ಲಿ ಬರೆದಿರುವ ರಕ್ತದ ಗುಂಪು, ತಮ್ಮ ಶಾಲೆಯ ಐಡಿ ಕಾರ್ಡಿನಲ್ಲಿ ಅಚ್ಚಾಗಿರುವ ಗುಂಪು, ಎಲ್ಲವನ್ನೂ ಹೋಲಿಸುತ್ತಾರೆ. ಇದು ಒಳ್ಳೆಯ ಕುತೂಹಲವೇ. ಆದರೆ ‘ತಂದೆ–ತಾಯಿಯ ಗುಂಪು ಇದಾದರೆ ಮಗುವಿನದು ಇದೇ ಆಗಬೇಕು, ಇಲ್ಲದಿದ್ದರೆ ಮಗು ಅವರದಲ್ಲ’ ಎನ್ನುವ ಪಟ್ಟಿಯೊಂದು ಜೊತೆಗೆ ಫಾರ್ವರ್ಡ್ ಆಗಿ ಬಂದರೆ, ಹೋಮ್‌ವರ್ಕ್ ಮನೆಯ ನೆಮ್ಮದಿಗೇ ಕುತ್ತು ತರಬಹುದು. ಇಂಥ ಸಂದೇಶಗಳಲ್ಲಿ ಬರುವ ಹೇಳಿಕೆಗಳನ್ನು ನಾವು ಒಂದೊಂದಾಗಿ ನೋಡೋಣ.

ಹೇಳಿಕೆ 1: ಮಗುವಿಗೆ ಅಪ್ಪನ ಅಥವಾ ಅಮ್ಮನ ಗುಂಪೇ ಬರಬೇಕು

*ನಮ್ಮ ತೀರ್ಪು: ತಪ್ಪು.*

ಎ, ಬಿ, ಓ ಗುಂಪುಗಳನ್ನು 1901ರಲ್ಲಿ ಗುರುತಿಸಿದವರು ಕಾರ್ಲ್ ಲ್ಯಾಂಡ್‌ಸ್ಟೈನರ್. ಈ ಕೆಲಸಕ್ಕೆ ಅವರಿಗೆ 1930ರಲ್ಲಿ ನೊಬೆಲ್ ಬಂತು. ಗುಂಪು ಪೀಳಿಗೆಯಿಂದ ಪೀಳಿಗೆಗೆ ಸಾಗುವ ಲೆಕ್ಕ ಸರಳ. ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಎ ಮತ್ತು ಬಿ ಎರಡೂ ಪ್ರಬಲ. ಒಟ್ಟಿಗೆ ಬಂದರೆ ಎರಡೂ ಕಾಣಿಸಿಕೊಂಡು ‘ಎಬಿ’ ಆಗುತ್ತದೆ. ಓ ದುರ್ಬಲ, ಎ ಅಥವಾ ಬಿ ಜೊತೆಗಿದ್ದರೆ ಅದು ಮರೆಯಲ್ಲಿ ಉಳಿಯುತ್ತದೆ.

ಆದ್ದರಿಂದ ರಿಪೋರ್ಟಿನಲ್ಲಿ ‘ಎ’ ಎಂದಿರುವವರು ಎ–ಎ ಆಗಿರಬಹುದು, ಎ–ಓ ಕೂಡ ಆಗಿರಬಹುದು. ಇಬ್ಬರು ಎ–ಓ ಗಳಿಗೆ ಹುಟ್ಟುವ ಮಗು ಇಬ್ಬರಿಂದಲೂ ಓ ಪಡೆದರೆ ಅದರ ಗುಂಪು ಓ. ಅಪ್ಪ ಎ, ಅಮ್ಮ ಬಿ ಆಗಿದ್ದರೆ ಮಕ್ಕಳು ಎ, ಬಿ, ಎಬಿ, ಓ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಅಪ್ಪ ಓ, ಅಮ್ಮ ಎಬಿ ಆದರೆ ಸಾಮಾನ್ಯವಾಗಿ ಮಕ್ಕಳಲ್ಲಿ ಒಬ್ಬರಿಗೂ ಅಪ್ಪ–ಅಮ್ಮನ ಗುಂಪು ಬರುವುದಿಲ್ಲ. ಅವರು ಎ ಅಥವಾ ಬಿ ಆಗಿರುತ್ತಾರೆ.

ಪಾಸಿಟಿವ್–ನೆಗೆಟಿವ್ ವಿಷಯದಲ್ಲೂ ಇದೇ ಲೆಕ್ಕ. ಪಾಸಿಟಿವ್ ಪ್ರಬಲ, ನೆಗೆಟಿವ್ ದುರ್ಬಲ. ಇಬ್ಬರೂ ಪಾಸಿಟಿವ್ ಆಗಿದ್ದು ಮಗು ನೆಗೆಟಿವ್ ಆದರೆ ಗಾಬರಿಪಡುವಂಥದ್ದು ಏನೂ ಇಲ್ಲ.

ಹೇಳಿಕೆ 2: ಪಟ್ಟಿಯಲ್ಲಿ ‘ಅಸಾಧ್ಯ’ ಎಂದಿದ್ದರೆ ಮಗು ಅವರದಲ್ಲ

*ನಮ್ಮ ತೀರ್ಪು: ದಾರಿ ತಪ್ಪಿಸುವಂಥದ್ದು.*

ಪಾಠದ ಲೆಕ್ಕದಂತೆ ಕೆಲವು ಜೋಡಿಗಳಲ್ಲಿ ಕೆಲವು ಗುಂಪು ಬರುವುದಿಲ್ಲ:

- ಓ + ಓ: ಎ, ಬಿ, ಎಬಿ ಬರುವುದಿಲ್ಲ
- ಓ + ಎ: ಬಿ, ಎಬಿ ಬರುವುದಿಲ್ಲ
- ಓ + ಬಿ: ಎ, ಎಬಿ ಬರುವುದಿಲ್ಲ
- ಎ + ಎ: ಬಿ, ಎಬಿ ಬರುವುದಿಲ್ಲ
- ಬಿ + ಬಿ: ಎ, ಎಬಿ ಬರುವುದಿಲ್ಲ
- ಓ + ಎಬಿ: ಓ, ಎಬಿ ಬರುವುದಿಲ್ಲ
- ಎಬಿ ಜೊತೆ ಎ, ಬಿ ಅಥವಾ ಎಬಿ: ಓ ಬರುವುದಿಲ್ಲ

ಪರೀಕ್ಷೆಯ ಉತ್ತರ ಪತ್ರಿಕೆಗೆ ಇಷ್ಟು ಸಾಕು. ಒಂದು ಸಂಸಾರದ ಮೇಲೆ ತೀರ್ಪು ಕೊಡಲು ಸಾಲದು. ‘ಅಸಾಧ್ಯ’ ಎನ್ನಿಸುವ ಫಲಿತಾಂಶಕ್ಕೆ ಹಲವು ಕಾರಣಗಳಿವೆ.

*ರಿಪೋರ್ಟೇ ತಪ್ಪಿರಬಹುದು.* ಶಿಬಿರಗಳಲ್ಲಿ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿ ಗುಂಪು ನೋಡುವುದುಂಟು. ಅವಸರದಲ್ಲಿ ನೋಡಿದ್ದು, ಹೆಸರು ಅದಲುಬದಲಾದದ್ದು, ಐಡಿ ಕಾರ್ಡಿಗೆ ನೆನಪಿನಿಂದ ಹೇಳಿ ಬರೆಸಿದ್ದು, ಇವೆಲ್ಲ ನಡೆಯುವ ತಪ್ಪುಗಳೇ.

*ಹುಟ್ಟಿದಾಗಿನ ರಿಪೋರ್ಟ್ ಇರಬಹುದು.* ನವಜಾತ ಶಿಶುವಿನ ಕೆಂಪು ರಕ್ತಕಣಗಳ ಮೇಲೆ ಎ, ಬಿ ಗುರುತುಗಳು ಪೂರ್ತಿ ಬಲಿತಿರುವುದಿಲ್ಲ. ಫಲಿತಾಂಶವನ್ನು ಇನ್ನೊಂದು ಬದಿಯಿಂದ ಖಚಿತಪಡಿಸುವ ಪ್ರತಿಕಾಯಗಳೂ ಮಗುವಿನ ಮೈಯಲ್ಲಿ ಆಗಿನ್ನೂ ತಯಾರಾಗಿರುವುದಿಲ್ಲ. ಹಾಗಾಗಿ ಅದನ್ನು ದೊಡ್ಡದಾದ ಮೇಲೆ ಮತ್ತೆ ನೋಡಬೇಕು.

*ಗುರುತು ದುರ್ಬಲವಾಗಿರಬಹುದು.* ಎ ಗುಂಪಿನಲ್ಲೇ ಉಪಗುಂಪುಗಳಿವೆ. ಕೆಲವರಲ್ಲಿ ಎ ಗುರುತು ಎಷ್ಟು ಕ್ಷೀಣವೆಂದರೆ ಮಾಮೂಲಿ ಪರೀಕ್ಷೆ ಅವರನ್ನು ‘ಓ’ ಎಂದುಬಿಡಬಹುದು. ದುರ್ಬಲ ಪಾಸಿಟಿವ್ ಇರುವವರಿಗೆ ‘ನೆಗೆಟಿವ್’ ಎಂಬ ರಿಪೋರ್ಟ್ ಬರುವುದೂ ಉಂಟು.

*ಬಾಂಬೆ ರಕ್ತದ ಗುಂಪು ಇರಬಹುದು.* ಇದು ನಮ್ಮ ದೇಶದವರು ವಿಶೇಷವಾಗಿ ತಿಳಿದಿರಬೇಕಾದ ಕಾರಣ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಇದನ್ನು ಕಂಡುಹಿಡಿದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎ ಮತ್ತು ಬಿ ಗುರುತುಗಳು ಕೂರುವುದು ‘ಎಚ್’ ಎಂಬ ತಳಪಾಯದ ಮೇಲೆ. ಬಾಂಬೆ ಗುಂಪಿನವರಲ್ಲಿ ಆ ತಳಪಾಯವೇ ಇಲ್ಲ. ಅವರ ವಂಶವಾಹಿಯಲ್ಲಿ ಎ ಅಥವಾ ಬಿ ಇದ್ದರೂ ರಕ್ತಕಣದ ಮೇಲೆ ಕಾಣುವುದಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ‘ಓ’ ಎಂದೇ ಬರುತ್ತದೆ. ಆದರೆ ಮರೆಯಲ್ಲಿರುವ ಆ ಬಿ ಮಗುವಿಗೆ ದಾಟಬಲ್ಲದು. ಉದಾಹರಣೆಗೆ, ಅಪ್ಪ ಎ. ಅಮ್ಮ ರಿಪೋರ್ಟಿನಲ್ಲಿ ಓ, ನಿಜದಲ್ಲಿ ಬಿ ಹೊತ್ತಿರುವ ಬಾಂಬೆ ಗುಂಪು. ಮಗು ಎಬಿ ಆಗಬಹುದು. ಪಟ್ಟಿ ‘ಅಸಾಧ್ಯ’ ಎನ್ನುತ್ತದೆ. ಮಗು ಮಾತ್ರ ಅವರದೇ.

ಬಾಂಬೆ ಗುಂಪು ಅಪರೂಪ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಎಂದು ಅಂದಾಜು. ಆದರೂ ಅದನ್ನು ಗುರುತಿಸುವುದು ಪ್ರಾಣದ ಪ್ರಶ್ನೆ: ಇವರಿಗೆ ‘ಎಲ್ಲರಿಗೂ ಆಗುತ್ತದೆ’ ಎನ್ನುವ ಓ ರಕ್ತವೂ ಆಗುವುದಿಲ್ಲ, ಬಾಂಬೆ ಗುಂಪಿನ ರಕ್ತವೇ ಬೇಕು.

ಗುಂಪು ಹೊಂದದಿದ್ದರೆ ಏನು ಮಾಡಬೇಕು?

1. ಮೊದಲು ಸುಮ್ಮನಿರಿ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ. ಮಗುವಿನ ಎದುರು ತಮಾಷೆಗೂ ‘ನೀನು ನಮ್ಮ ಮಗುವಲ್ಲ’ ಎನ್ನಬೇಡಿ.
2. ಅಪ್ಪ, ಅಮ್ಮ, ಮಗು ಮೂವರೂ ಪರವಾನಗಿ ಇರುವ ರಕ್ತನಿಧಿಯಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಿ. ರಕ್ತಕಣ ಮತ್ತು ಸೀರಮ್ ಎರಡನ್ನೂ ನೋಡಿ ಗುಂಪು ಹೇಳುವಂತೆ ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ಬಾಂಬೆ ಗುಂಪು, ದುರ್ಬಲ ಉಪಗುಂಪುಗಳ ಸುಳಿವು ಸಿಗುವುದು ಹೀಗೆ.
3. ಆಗಲೂ ಲೆಕ್ಕ ಸೇರದಿದ್ದರೆ ಎಚ್ ಗುರುತಿನ ಪರೀಕ್ಷೆಯ ಬಗ್ಗೆ ರಕ್ತನಿಧಿಯ ವೈದ್ಯರನ್ನು ಕೇಳಿ.
4. ಸರಿಯಾದ ಗುಂಪು ಗೊತ್ತಾದ ಮೇಲೆ ಐಡಿ ಕಾರ್ಡ್, ಆಸ್ಪತ್ರೆಯ ದಾಖಲೆ ಎಲ್ಲವನ್ನೂ ತಿದ್ದಿಸಿ.

ಇನ್ನೊಂದು ಮಾತು. ಗುಂಪು ಹೊಂದಿದರೂ ಅದು ಯಾವುದಕ್ಕೂ ಪುರಾವೆಯಲ್ಲ. ನಮ್ಮಲ್ಲಿ ಓ ಮತ್ತು ಬಿ ಗುಂಪಿನವರು ಕೋಟಿಗಟ್ಟಲೆ ಇದ್ದಾರೆ. ಮಗು ಯಾರದೆಂದು ನಿಖರವಾಗಿ ಹೇಳಬಲ್ಲದ್ದು ಡಿಎನ್‌ಎ ಪರೀಕ್ಷೆ. ಅದನ್ನೂ ಮಾಮೂಲಿಯಾಗಿ ಆದೇಶಿಸಬಾರದು, ತನ್ನ ಹುಟ್ಟನ್ನು ಸಲ್ಲದ ಕಾರಣಕ್ಕೆ ಪ್ರಶ್ನೆಗೆ ಒಡ್ಡದಿರುವುದು ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನ್ಯಾಯಾಲಯವೇ ಇಷ್ಟು ಹಿಂಜರಿಯುವ ಕೆಲಸವನ್ನು ಒಂದು ಫಾರ್ವರ್ಡ್ ಮಾಡಹೊರಡುತ್ತದೆ.

ಹೇಳಿಕೆ 3: ಕಿವಿ, ನಾಲಿಗೆ, ಕಣ್ಣು ನೋಡಿದರೆ ಗೊತ್ತಾಗುತ್ತದೆ

*ನಮ್ಮ ತೀರ್ಪು: ತಪ್ಪು.*

ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಲ್ಲಿ ಬಿಡಿಯಾಗಿ ತೂಗುವ ಮತ್ತು ಕೆನ್ನೆಗೆ ಅಂಟಿದ ಕಿವಿಹಾಲೆಗಳ ಚಿತ್ರವಿದೆ. ತರಗತಿಯ ಮಕ್ಕಳ ಹಾಲೆಯನ್ನು ಅವರ ತಂದೆ–ತಾಯಿಯ ಹಾಲೆಯೊಂದಿಗೆ ಹೋಲಿಸಿ, ಇದು ಹೇಗೆ ಸಾಗಿಬರುತ್ತದೆಂಬ ನಿಯಮವನ್ನು ಊಹಿಸಲು ಚಟುವಟಿಕೆಯೂ ಇದೆ. ಗಮನಿಸುವುದನ್ನು ಕಲಿಸಲು ಇದು ಒಳ್ಳೆಯ ಚಟುವಟಿಕೆ. ಆದರೆ ಹಾಲೆಯ ಆಕಾರವನ್ನು ನಿರ್ಧರಿಸುವುದು ಒಂದೇ ವಂಶವಾಹಿಯಲ್ಲ. 2017ರಲ್ಲಿ ಸುಮಾರು 75,000 ಜನರ ಮಾಹಿತಿ ನೋಡಿದ ಅಧ್ಯಯನವೊಂದು ಇದಕ್ಕೆ ನಂಟಿರುವ 49 ಜಾಗಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಎಷ್ಟೋ ಜನರ ಹಾಲೆ ‘ಅಂಟಿದ್ದು’, ‘ಬಿಡಿಯಾದದ್ದು’ ಎರಡರ ನಡುವೆ ಇರುತ್ತದೆ.

ನಾಲಿಗೆಯ ಕಥೆ ಇನ್ನೂ ಸ್ವಾರಸ್ಯ. ನಾಲಿಗೆಯನ್ನು ಕೊಳವೆಯಂತೆ ಮಡಚುವುದು ಪ್ರಬಲ ಗುಣ ಎಂದು 1940ರಲ್ಲಿ ಬರೆದವರು ಅಮೆರಿಕದ ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟೆವಂಟ್. 1952ರಲ್ಲಿ 33 ಜೋಡಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ 7 ಜೋಡಿಗಳಲ್ಲಿ ಒಬ್ಬರಿಗೆ ನಾಲಿಗೆ ಮಡಚಲು ಬಂತು, ಇನ್ನೊಬ್ಬರಿಗೆ ಬರಲಿಲ್ಲ. ತದ್ರೂಪಿ ಅವಳಿಗಳ ವಂಶವಾಹಿ ಒಂದೇ ಆಗಿರುವುದರಿಂದ ಹಳೆಯ ವಾದ ಅಲ್ಲಿಗೆ ಬಿತ್ತು. ಸ್ಟರ್ಟೆವಂಟ್ ಸ್ವತಃ 1965ರಲ್ಲಿ ಅದನ್ನು ಒಪ್ಪಿಕೊಂಡರು. ಆದರೂ ಪುಸ್ತಕಗಳಲ್ಲಿ, ಯೂಟ್ಯೂಬ್ ಪಾಠಗಳಲ್ಲಿ ಈ ಉದಾಹರಣೆ ಇಂದಿಗೂ ಓಡಾಡುತ್ತಿದೆ.

ಕಣ್ಣು, ಮೈಬಣ್ಣವೂ ಅಷ್ಟೆ. ಇವುಗಳಲ್ಲಿ ಹಲವು ವಂಶವಾಹಿಗಳ ಕೈವಾಡವಿದೆ. ಕಪ್ಪು ಕಣ್ಣಿನ ದಂಪತಿಗೆ ಬೆಕ್ಕಿನ ಕಣ್ಣಿನ ಮಗು, ಕಪ್ಪಗಿರುವ ಅಪ್ಪ–ಅಮ್ಮನಿಗೆ ಬೆಳ್ಳಗಿನ ಮಗು ಹುಟ್ಟುವುದರಲ್ಲಿ ಅನುಮಾನಕ್ಕೆ ಆಸ್ಪದವಿಲ್ಲ.

ಹೇಳಿಕೆ 4: ಗಂಡ–ಹೆಂಡತಿಯ ರಕ್ತದ ಗುಂಪು ಒಂದೇ ಆದರೆ ಮಕ್ಕಳಿಗೆ ತೊಂದರೆ

*ನಮ್ಮ ತೀರ್ಪು: ತಪ್ಪು.*

‘ರಕ್ತಸಂಬಂಧದಲ್ಲಿ ಮದುವೆ ಬೇಡ’ ಎಂಬ ವೈದ್ಯರ ಸಲಹೆ ಬಾಯಿಂದ ಬಾಯಿಗೆ ಹೋಗಿ ‘ಒಂದೇ ರಕ್ತದ ಗುಂಪಿನವರ ಮದುವೆ ಬೇಡ’ ಎಂದಾಗಿರುವಂತಿದೆ. ಎರಡಕ್ಕೂ ಸಂಬಂಧವಿಲ್ಲ. ಇಬ್ಬರೂ ಓ ಪಾಸಿಟಿವ್ ಆಗಿದ್ದರೆ ಅದರಿಂದ ಮಕ್ಕಳಿಗೆ ಏನೂ ಆಗುವುದಿಲ್ಲ.

ರಕ್ತಸಂಬಂಧದ ಮಾತು ಬೇರೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ, ಅತ್ತೆ–ಮಾವನ ಮಕ್ಕಳ ನಡುವೆ ಎಂಟನೇ ಒಂದು ಭಾಗ ಒಂದೇ ಮೂಲದ್ದಾಗಿರುತ್ತದೆ. ಆ ಕುಟುಂಬದಲ್ಲಿ ಮರೆಯಲ್ಲಿರುವ ಕಾಯಿಲೆಯ ವಂಶವಾಹಿ ಇದ್ದರೆ ಅದು ಮಗುವಿಗೆ ಎರಡೂ ಕಡೆಯಿಂದ ಸೇರುವ ಸಂಭವ ಹೆಚ್ಚು. ಕರ್ನಾಟಕದಲ್ಲಿ ಇಂಥ ಮದುವೆಗಳು ಇಂದಿಗೂ ಕಡಿಮೆಯೇನಲ್ಲ. ಆಗಲೇ ಮದುವೆಯಾದವರು ಹೆದರಬೇಕಿಲ್ಲ; ಗರ್ಭಿಣಿಯಾಗುವ ಮುನ್ನ ವೈದ್ಯರಿಗೆ ಸಂಬಂಧ ತಿಳಿಸಿ ಸಲಹೆ ಪಡೆದರೆ ಒಳ್ಳೆಯದು.

ಗುಂಪಿನ ವಿಷಯದಲ್ಲಿ ನಿಜವಾಗಿ ನೆನಪಿಡಬೇಕಾದ್ದು ಒಂದೇ: ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ಹೇಳಿ. ಗರ್ಭದಲ್ಲಿ ಸುಮಾರು 28ನೇ ವಾರಕ್ಕೆ, ಮತ್ತು ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಕೊಡುವ ಆ್ಯಂಟಿ–ಡಿ ಚುಚ್ಚುಮದ್ದು ಮುಂದಿನ ಮಗುವನ್ನು ಕಾಪಾಡುತ್ತದೆ.

ಹೇಳಿಕೆ 5: ಹೆಣ್ಣು ಮಗುವಾಗಲು ತಾಯಿಯೇ ಕಾರಣ

*ನಮ್ಮ ತೀರ್ಪು: ತಪ್ಪು.*

ಇಲ್ಲಿ ಪಾಠ ಹೇಳುವುದನ್ನು ಮನೆಯಲ್ಲಿ ಧೈರ್ಯವಾಗಿ ಓದಿ ಹೇಳಬಹುದು. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್, ಅರ್ಧ ವೈ ಹೊತ್ತಿರುತ್ತವೆ. ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಹಾಗೆಂದು ತಂದೆಯನ್ನು ದೂರುವುದೂ ಸರಿಯಲ್ಲ. ಯಾವುದು ಸೇರಬೇಕೆಂದು ಅವನೂ ಆರಿಸಲಾರ.

ಶಿಕ್ಷಕರಿಗೆ, ಪೋಷಕರಿಗೆ

ತರಗತಿಯಲ್ಲಿ ದತ್ತು ಮಕ್ಕಳಿರಬಹುದು, ಅಪ್ಪ ಅಥವಾ ಅಮ್ಮ ಇಲ್ಲದವರಿರಬಹುದು. ‘ನಾಳೆ ಅಪ್ಪ–ಅಮ್ಮನ ರಕ್ತದ ಗುಂಪು ಬರೆದುಕೊಂಡು ಬನ್ನಿ’ ಎನ್ನುವ ಬದಲು ಕಾಲ್ಪನಿಕ ಕುಟುಂಬದ ಲೆಕ್ಕ ಕೊಡಬಹುದು. ಕಿವಿ, ನಾಲಿಗೆಗಳನ್ನು ಮನುಷ್ಯರಲ್ಲಿರುವ ವೈವಿಧ್ಯಕ್ಕೆ ಉದಾಹರಣೆಯಾಗಿ ಉಳಿಸಿಕೊಂಡು, ಒಂದೇ ವಂಶವಾಹಿಯ ನಿಯಮಕ್ಕೆ ಮೆಂಡೆಲ್‌ನ ಬಟಾಣಿ ಗಿಡಗಳನ್ನೇ ಬಳಸಬಹುದು.

ಮನುಷ್ಯರ ಉದಾಹರಣೆಯೇ ಬೇಕೆಂದರೆ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಇದೆ. ಅಪ್ಪ–ಅಮ್ಮ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ’ ಎಂದು ಇದರ ಅರ್ಥವಲ್ಲ. ಲೆಕ್ಕ ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತದೆ. ಈ ಕಾಯಿಲೆಯ ನಿರ್ಮೂಲನೆಗಾಗಿ ಜುಲೈ 1, 2023ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಸಮುದಾಯಗಳು ಹೆಚ್ಚಿರುವ ಕಡೆ ಈ ಪಾಠ ಮಕ್ಕಳಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ರಕ್ತದ ಗುಂಪಿನ ಪಟ್ಟಿ ನಿಮ್ಮ ಫೋನಿಗೆ ಬಂದರೆ ಅದರಲ್ಲಿ ಬಾಂಬೆ ಗುಂಪಿನ ಹೆಸರಿದೆಯೇ, ಮರುಪರೀಕ್ಷೆಯ ಮಾತಿದೆಯೇ ಎಂದು ನೋಡಿ. ಎರಡೂ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.