ಬೆರಕೆ ಅಂದರೆ ಬೈಗುಳವಾ?

ಮೊನ್ನೆ ಭಾನುವಾರ ಹಳೇ ಗೆಳೆಯನೊಬ್ಬ ಬಸವೇಶ್ವರನಗರದ ನಮ್ಮನೆಗೆ ಊಟಕ್ಕೆ ಬಂದಿದ್ದ. ಹತ್ತು ವರ್ಷದಿಂದ ಅಮೆರಿಕದಲ್ಲಿದ್ದಾನೆ, ವೈನ್ ಹುಚ್ಚು ಹಿಡಿಸಿಕೊಂಡಿದ್ದಾನೆ ಅಂತ ಗೊತ್ತಿತ್ತು. ನಮ್ಮ ಕಡೆಯದ್ದೇ ಇರಲಿ ಅಂತ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಅವರ ಲಾ ರಿಸರ್ವ್ ತಂದಿಟ್ಟಿದ್ದೆ. ಮಹಾಶಯ ಬಾಟಲಿಯನ್ನು ತಿರುಗಿಸಿ ಲೇಬಲ್ ಓದಿದವನೇ "ಓ, ಬ್ಲೆಂಡಾ? ನಾನು ಸಿಂಗಲ್ ವೆರೈಟಿ ಬಿಟ್ಟು ಮುಟ್ಟಲ್ಲ ಕಣೋ. ಬೆರಕೆ ಮಾಲು ಅಂದ್ರೆ ಏನೋ ಮುಚ್ಚಿಡೋಕೇ ಮಾಡಿರ್ತಾರೆ" ಅಂದ.

ನನಗೆ ಪಿಚ್ಚೆನಿಸಿತು. ಮಜಾ ಏನಂದ್ರೆ, ಊಟ ಆದಮೇಲೆ ಇದೇ ಪುಣ್ಯಾತ್ಮ ಅಮ್ಮ ಕೊಟ್ಟ ಕಾಫಿಯನ್ನು ಎರಡೆರಡು ಲೋಟ ಹೀರಿ, "ಇಂಥಾ ಕಾಫಿ ಅಲ್ಲಿ ಸಿಗಲ್ಲ ಆಂಟಿ" ಅಂತ ಹೊಗಳಿದ. ಆ ಪುಡಿಯಲ್ಲಿ ಪ್ಲಾಂಟೇಷನ್ ಬೀಜ ಅರ್ಧ, ಪೀಬೆರಿ ಅರ್ಧ, ಮೇಲೆ ಇಪ್ಪತ್ತು ಪರ್ಸೆಂಟ್ ಚಿಕೋರಿ! ರಾಜಾಜಿನಗರದ ಕಾಫಿಪುಡಿ ಅಂಗಡಿಯಲ್ಲಿ ಅಪ್ಪ ಇದ್ದಾಗಿನಿಂದ ನಮ್ಮನೆಯ ಲೆಕ್ಕ ಅದೇ. ನಮ್ಮ ದೇಶದ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು. ಈ 51 ಅನ್ನೋ ಸಂಖ್ಯೆ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ಕನ್ನಡದಲ್ಲಿ ಈ 'ಬೆರಕೆ' ಅನ್ನೋ ಪದಕ್ಕೆ ಮರ್ಯಾದೆ ಇಲ್ಲ ನೋಡಿ. ಕಲಬೆರಕೆ ಅಂದ್ರೆ ಮೋಸ. ಬೆರಕೆ ಅಂತ ಮನುಷ್ಯರಿಗೆ ಅಂದ್ರಂತೂ ಹೊಡೆದಾಟವೇ. ಆದರೆ ಹುಳಿಪುಡಿ, ಬಿಸಿಬೇಳೆಬಾತ್ ಪುಡಿ ಬೆರೆಸೋಕೆ ಬಂದವರನ್ನು 'ಕೈ ಹದ ಚೆನ್ನಾಗಿದೆ' ಅಂತೀವಿ. ಗೆಳೆಯ ಹೋದಮೇಲೆ ಈ ವೈನಿನ ಬೆರಕೆ ಯಾವಾಗ ಶುರುವಾಯ್ತು, 'ಒಂದೇ ತಳಿ' ಅನ್ನೋ ಹೆಮ್ಮೆ ಎಲ್ಲಿಂದ ಬಂತು ಅಂತ ಓದುತ್ತಾ ಕೂತೆ. (ನಾನು ವೈನ್ ಕುಡಿದದ್ದಕ್ಕಿಂತ ಓದಿದ್ದೇ ಜಾಸ್ತಿ, ತಪ್ಪು ತಿಳ್ಕೋಬೇಡಿ :-))

ಬೆರೆಸೋದಕ್ಕೆ ಹೆಸರಾದ ಊರು ಫ್ರಾನ್ಸಿನ ಬೋರ್ಡೋ. ಅಲ್ಲಿನ ಕೆಂಪು ವೈನಿಗೆ ಕ್ಯಾಬರ್ನೆ ಸೊವಿನ್ಯೋ, ಮೆರ್ಲೋ, ಕ್ಯಾಬರ್ನೆ ಫ್ರಾಂಕ್, ಪೆಟಿ ವರ್ಡೋ ಹೀಗೆ ಹಲವು ತಳಿಯ ದ್ರಾಕ್ಷಿ ಸೇರುತ್ತದೆ. ಇದು ರುಚಿಗಾಗಿ ಹುಟ್ಟಿದ ಶೋಕಿ ಅಂತ ನಾನಂದುಕೊಂಡಿದ್ದೆ. ಅದರ ಹಿಂದೆ ನಮ್ಮ ರೈತರ ಅಕ್ಕಡಿ ಸಾಲಿನ ಲೆಕ್ಕವೂ ಇದೆ! ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳು ಹಾಕ್ತಾರಲ್ಲ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ, ಹಾಗೆ. ಬೋರ್ಡೋ ಇರೋದು ಅಟ್ಲಾಂಟಿಕ್ ಸಮುದ್ರದ ಹತ್ತಿರ, ಹವಾಮಾನದ ಗ್ಯಾರಂಟಿ ಇಲ್ಲ. ಮೆರ್ಲೋ ಬೇಗ ಚಿಗುರಿ ಬೇಗ ಹಣ್ಣಾಗುತ್ತೆ, ಹಾಗಾಗಿ ಚಿಗುರಿನ ಕಾಲದ ಹಿಮ ಬಿದ್ದರೆ ಪೆಟ್ಟು ಅದಕ್ಕೆ. ಕ್ಯಾಬರ್ನೆ ತಡವಾಗಿ ಹಣ್ಣಾಗುವುದರಿಂದ ಕುಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಅದಕ್ಕೆ ಕಷ್ಟ. ಎರಡನ್ನೂ ಬೆಳೆದವನಿಗೆ ಯಾವುದೋ ಒಂದಾದರೂ ಉಳಿಯುತ್ತೆ. 1956ರ ಫೆಬ್ರವರಿಯ ಚಳಿಯಲ್ಲಂತೂ ಬೋರ್ಡೋದ ಅದೆಷ್ಟೋ ಬಳ್ಳಿಗಳು ಬುಡಸಮೇತ ಸತ್ತವು.

ಬರ್ಗಂಡಿಯದ್ದು ಬೇರೆಯೇ ಕಥೆ. ಅಲ್ಲಿ ಕೆಂಪು ಅಂದ್ರೆ ಪಿನೋ ನ್ವಾರ್ ಒಂದೇ. ಅದನ್ನು ಉಳಿಸಿದ್ದರಲ್ಲಿ ಒಬ್ಬ ದೊರೆಯ ಕೈಯೂ ಇದೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಗಮೇ ಅನ್ನೋ ತಳಿಯನ್ನು ನಂಬಿಕೆಗೆಟ್ಟ ಗಿಡ ಅಂತ ಬೈದು ಕಿತ್ತುಹಾಕೋಕೆ ಆಜ್ಞೆ ಮಾಡಿದ. ಗಮೇ ಮಾಡಿದ ತಪ್ಪೇನು ಗೊತ್ತಾ? ಹೆಚ್ಚು ಫಸಲು ಕೊಡೋದು! ರೈತರಿಗೆ ಪ್ರಿಯ, ದೊರೆಗೆ ಅಪ್ರಿಯ. ಅಂದ್ರೆ 'ಒಂದೇ ತಳಿ'ಯ ಹಿಂದೆ ನಾಲಗೆಯಷ್ಟೇ ಅಲ್ಲ, ರಾಜಾಜ್ಞೆಯೂ ಇತ್ತು.

ಮತ್ತೆ ಬೋರ್ಡೋಗೆ. 19ನೇ ಶತಮಾನದಲ್ಲಿ ಅಲ್ಲಿನ ವ್ಯಾಪಾರಿಗಳು ತಮ್ಮ ವೈನ್ ತೆಳುವಾಯ್ತು ಅನಿಸಿದರೆ ದೂರದ ರೋನ್ ಕಣಿವೆಯ ಹರ್ಮಿಟಾಜ್‌ನಿಂದ ಸಿರಾ ದ್ರಾಕ್ಷಿಯ ಗಟ್ಟಿ ವೈನ್ ತರಿಸಿ ಸೇರಿಸುತ್ತಿದ್ದರು. ಇದು ಕದ್ದುಮುಚ್ಚಿ ಮಾಡಿದ್ದಲ್ಲ. ಹಾಗೆ ಬೆರೆಸಿದ್ದಕ್ಕೆ ಹೆಚ್ಚಿನ ಬೆಲೆಯೇ ಸಿಗುತ್ತಿತ್ತು. ಮುಂದೆ 1936ರಲ್ಲಿ ಆಯಾ ಊರಿನ ಹೆಸರಿಗೆ ಆಯಾ ಊರಿನ ದ್ರಾಕ್ಷಿಯೇ ಅನ್ನೋ ಕಟ್ಟುಪಾಡು ಬಂದಾಗ ಬೋರ್ಡೋ ಹೆಸರಲ್ಲಿ ಈ ಬೆರಕೆಗೆ ಜಾಗವಿಲ್ಲದಾಯ್ತು. ಕ್ಯಾಬರ್ನೆಗೆ ಸಿರಾ ಸೇರಿಸೋ ಆ ಹಳೇ ಜೋಡಿ ಆಸ್ಟ್ರೇಲಿಯಾದಲ್ಲಿ ಮುಂದುವರಿಯಿತು, ಅಲ್ಲಿ ಸಿರಾಗೆ ಶಿರಾಜ್ ಅಂತಾರೆ. ನನ್ನ ಗೆಳೆಯ ಮೂಗು ಮುರಿದ ಲಾ ರಿಸರ್ವ್‌ನಲ್ಲಿ ಇರೋದೂ ಅದೇ ಜೋಡಿ, ಕ್ಯಾಬರ್ನೆ ಮತ್ತು ಶಿರಾಜ್!

ಹಾಗಾದ್ರೆ ಬಾಟಲಿ ಮೇಲೆ ತಳಿಯ ಹೆಸರನ್ನು ದೊಡ್ಡದಾಗಿ ಹಾಕೋ ಪದ್ಧತಿ? ಅದು ಊರೂರಿಗೆ ಹಬ್ಬಿದ್ದು ತೀರಾ ಇತ್ತೀಚೆಗೆ. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ತೆರವಾದ ಮೇಲೆ ಕ್ಯಾಲಿಫೋರ್ನಿಯಾದವರು ತಮ್ಮ ವೈನಿಗೆ ಬರ್ಗಂಡಿ, ಶಾಬ್ಲಿ ಅಂತ ಫ್ರಾನ್ಸಿನ ಊರುಗಳ ಹೆಸರು ಅಂಟಿಸಿ ಮಾರುತ್ತಿದ್ದರು. 1940ರ ಆಸುಪಾಸಿನಲ್ಲಿ ಫ್ರಾಂಕ್ ಶೂನ್‌ಮೇಕರ್ ಅನ್ನೋ ಬರಹಗಾರ-ವ್ಯಾಪಾರಿ, ಊರಿನ ಹೆಸರು ಕದಿಯೋದು ಬಿಡಿ, ದ್ರಾಕ್ಷಿಯ ಹೆಸರು ಹಾಕಿ ಅಂತ ಬೆನ್ನು ಹತ್ತಿದ. ಪ್ರಾಮಾಣಿಕತೆಗಾಗಿ ಎದ್ದ ಚಳವಳಿ ಅದು, ಒಪ್ಪೋಣ. ಆದರೆ 1983ರವರೆಗೆ ಅಲ್ಲಿ ತಳಿಯ ಹೆಸರು ಹಾಕೋಕೆ ಆ ದ್ರಾಕ್ಷಿ ಎಷ್ಟಿದ್ದರೆ ಸಾಕಾಗಿತ್ತು ಹೇಳಿ? 51 ಪರ್ಸೆಂಟ್! ನಮ್ಮ ಕಾಫಿ-ಚಿಕೋರಿ ಲೆಕ್ಕವೇ. ಆಮೇಲೆ ಅದು 75 ಆಯ್ತು, ಯುರೋಪಿನಲ್ಲಿ 85. ಅಂದ್ರೆ ನನ್ನ ಗೆಳೆಯ ಅಲ್ಲಿ 'ಶುದ್ಧ' ಅಂತ ಕುಡಿಯೋ ಕ್ಯಾಬರ್ನೆಯಲ್ಲಿ ಕಾಲು ಭಾಗ ಬೇರೆ ದ್ರಾಕ್ಷಿ ಇದ್ದರೂ ಲೇಬಲ್ ಸುಳ್ಳಾಗೋಲ್ಲ.

ಇದಕ್ಕಿಂತ ಸ್ವಾರಸ್ಯ ಚಿಲಿ ದೇಶದ್ದು. 19ನೇ ಶತಮಾನದಲ್ಲಿ ಬೋರ್ಡೋದಿಂದ ಕಡ್ಡಿ ತಂದು ನೆಟ್ಟಿದ್ದರು. ಆಮೇಲೆ ಫ್ರಾನ್ಸಿನಲ್ಲಿ ಫಿಲಾಕ್ಸರಾ ಅನ್ನೋ ಬೇರು ಹೀರುವ ಪುಟ್ಟ ಕೀಟ ತೋಟಗಳನ್ನು ಗುಡಿಸಿ ಹಾಕಿತು. ಕಾರ್ಮನೇರ್ ಅನ್ನೋ ತಳಿಯನ್ನು ಬೋರ್ಡೋದವರು ಮತ್ತೆ ನೆಡುವ ಗೋಜಿಗೆ ಹೋಗಲಿಲ್ಲ, ಹೆಚ್ಚುಕಮ್ಮಿ ಮರೆತೇಬಿಟ್ಟರು. 1994ರಲ್ಲಿ ಜಾನ್ ಮಿಶೆಲ್ ಬೂರ್ಸಿಕೋ ಅನ್ನೋ ಫ್ರೆಂಚ್ ತಜ್ಞ ಚಿಲಿಯ ಮೆರ್ಲೋ ತೋಟದಲ್ಲಿ ಓಡಾಡುವಾಗ ಬಳ್ಳಿಗಳನ್ನು ಗಮನವಿಟ್ಟು ನೋಡಿ 'ಇದು ಮೆರ್ಲೋ ಅಲ್ಲ, ಕಾರ್ಮನೇರ್' ಅಂತ ಗುರುತು ಹಿಡಿದ. ಅಲ್ಲೀತನಕ ಬೆಳೆದವನಿಗೂ ಗೊತ್ತಿಲ್ಲ, ಕುಡಿದವನಿಗೂ ಗೊತ್ತಿಲ್ಲ. ಎರಡು ತಳಿ ಒಟ್ಟಿಗೆ ಕುಯ್ದು, ಒಟ್ಟಿಗೆ ಹಿಂಡಿ, 'ಮೆರ್ಲೋ' ಅಂತ ಮಾರುತ್ತಿದ್ದರು. ಇದನ್ನು ಓದಿ ಒಬ್ಬನೇ ಕೂತು ನಕ್ಕೆ.

ಇನ್ನು ಕ್ಯಾಬರ್ನೆ ಸೊವಿನ್ಯೋ ತಾನೇ ಶುದ್ಧವಾ? 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಜಾನ್ ಬವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ ಡಿಎನ್‌ಎ ಪರೀಕ್ಷೆ ಮಾಡಿ ತೋರಿಸಿದರು: ಕಪ್ಪು ದ್ರಾಕ್ಷಿ ಕ್ಯಾಬರ್ನೆ ಫ್ರಾಂಕ್‌ಗೂ ಬಿಳಿ ದ್ರಾಕ್ಷಿ ಸೊವಿನ್ಯೋ ಬ್ಲಾಂಕ್‌ಗೂ ಹುಟ್ಟಿದ ಮಗು ಅದು! ಅಷ್ಟೇ ಅಲ್ಲ, ಫಿಲಾಕ್ಸರಾ ಬಂದಮೇಲೆ ಯುರೋಪಿನ ಬಳ್ಳಿಗಳನ್ನು ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿಯೇ ಬೆಳೆಯಬೇಕಾಯ್ತು. ಮೇಲೆ ಒಂದು ಗಿಡ, ಕೆಳಗೆ ಇನ್ನೊಂದು.

ಸರಿ, ನಮ್ಮೂರಿಗೆ ಬರೋಣ. ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಕಡೆ ಫ್ರೆಂಚ್ ತಳಿಗಳನ್ನು ಬೆಳೆಸಿ 1988ರಲ್ಲಿ ಕಂಪನಿ ಕಟ್ಟಿದರು. ಮೊದಲು ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್, 1990ರ ದಶಕದ ನಡುವಿನಿಂದ ಬೋರ್ಡೋದ ಮಿಶೆಲ್ ರೊಲಾಂ ಸಲಹೆಗಾರರಾಗಿದ್ದರು. ರೊಲಾಂ ಬೆರೆಸೋದಕ್ಕೇ ಲೋಕಪ್ರಸಿದ್ಧ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಪ್ರೂನಿಂಗ್ ಮಾಡಿ, ಮಳೆಗಾಲ ಕಳೆದ ಮೇಲಿನ ಫಸಲನ್ನು ಬೇಸಿಗೆ ಏರುವ ಹೊತ್ತಿಗೆ ಕುಯ್ತಾರೆ. ಬೋರ್ಡೋದ ಲೆಕ್ಕ ಇಲ್ಲಿ ನಡೆಯೋಲ್ಲ, ಆದರೆ ಬೆರೆಸೋ ಕೈ ಮಾತ್ರ ಅಲ್ಲಿಂದ ಬಂತು. ಈಗ ಕೊಪ್ಪಳ ಜಿಲ್ಲೆಯ ಕೃಷ್ಮಾದಂಥವರು ಕ್ಯಾಬರ್ನೆಯನ್ನು ಒಂದೇ ತಳಿಯಾಗಿಯೂ ಮಾಡ್ತಾರೆ. ಎರಡೂ ಇರಲಿ, ನನ್ನದೇನೂ ತಕರಾರಿಲ್ಲ.

ನನ್ನ ತಕರಾರು ಇನ್ನೊಂದು ದ್ರಾಕ್ಷಿಯ ವಿಷಯದಲ್ಲಿ. ನಮ್ಮ ಸೋದರಮಾವ ದೇವನಹಳ್ಳಿ ಹತ್ತಿರದ ಹಳ್ಳಿಯವರು. ಎರಡೆಕರೆ ಚಪ್ಪರ, ಪೂರ್ತಿ ಬೆಂಗಳೂರು ನೀಲಿ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ನೋಡಿರ್ತೀರಲ್ಲ, ದಪ್ಪ ಸಿಪ್ಪೆ, ಒಳಗೆ ಜಾರುವ ತಿರುಳು, ಬೀಜ, ಇಡೀ ಮನೆ ಘಮ್ಮೆನ್ನುವ ವಾಸನೆ. ಬ್ರಿಟಿಷರ ಕಾಲದಿಂದ ಬೆಂಗಳೂರು ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೀತಿರೋದು. 2010ರ ದಶಕದಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ತಜ್ಞರು ಇದನ್ನು ಅಮೆರಿಕದ ಇಸಾಬೆಲ್ಲಾ ತಳಿ ಅಂತ ಗುರುತಿಸ್ತಾರೆ. ಅದು ಅಮೆರಿಕದ ಕಾಡುದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ್ದು, 1816ರಲ್ಲಿ ವಿಲಿಯಂ ಪ್ರಿನ್ಸ್ ಅನ್ನೋ ನರ್ಸರಿಯವನು ಬೆಳಕಿಗೆ ತಂದದ್ದು. ಇದೇ ಇಸಾಬೆಲ್ಲಾವನ್ನು ಫ್ರಾನ್ಸ್ 1934ರ ಕೊನೆಯಲ್ಲಿ ಇನ್ನೈದು ತಳಿಗಳ ಜೊತೆ ನಿಷೇಧಿಸಿತು. ಕುಡಿದರೆ ತಲೆ ಕೆಡುತ್ತೆ ಅನ್ನೋವರೆಗೂ ಪುಕಾರು ಹಬ್ಬಿತ್ತು. ಆದರೆ ಅವತ್ತು ಫ್ರಾನ್ಸಿನಲ್ಲಿ ವೈನ್ ಮಾರಾಟವಾಗದೆ ರಾಶಿ ಬಿದ್ದಿತ್ತು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಮಾವನ ದ್ರಾಕ್ಷಿ ಸ್ವಲ್ಪ ಮಾರ್ಕೆಟ್ಟಿಗೆ, ಸ್ವಲ್ಪ ಜ್ಯೂಸಿಗೆ, ಉಳಿದದ್ದು ಕಡಿಮೆ ಬೆಲೆಯ ಸಿಹಿ ವೈನಿಗೆ ಹೋಗುತ್ತಿತ್ತು. ಅಂಥ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣೋ ಹೆಸರು 'ಪೋರ್ಟ್'. ಪೋರ್ಟ್ ಅಂದ್ರೆ ಪೋರ್ಚುಗಲ್‌ನ ಡೋರೋ ಕಣಿವೆಯ ವೈನ್. ಅಲ್ಲಿನ ಹಳೇ ತೋಟಗಳಲ್ಲಿ ಹತ್ತಾರು ತಳಿಗಳನ್ನು ಒಟ್ಟಿಗೇ ನೆಟ್ಟು ಒಟ್ಟಿಗೇ ಕುಯ್ಯೋರು, ಅಪ್ಪಟ ಬೆರಕೆ. ನೋಡಿ ವಿಚಿತ್ರ, ನಮ್ಮೂರಿನ ಒಂದೇ ತಳಿಯ ದ್ರಾಕ್ಷಿಗೆ ಅಲ್ಲಿನ ಬೆರಕೆಯ ಹೆಸರು! ಶೂನ್‌ಮೇಕರ್ ಕ್ಯಾಲಿಫೋರ್ನಿಯಾದಲ್ಲಿ ಯಾವುದರ ವಿರುದ್ಧ ಕೂಗಾಡಿದನೋ ಅದೇ ಇದು.

ಒಮ್ಮೆ ಮಾವನ ಹತ್ತಿರ ಇದನ್ನು ಹೇಳಿದ್ದೆ. "ಅದ್ರ ಮೇಲೆ ನಮ್ ದ್ರಾಕ್ಷಿ ಹೆಸ್ರು ಹಾಕಿದ್ರೆ ಯಾರ್ ಕೊಂಡ್ಕೊತಾರಪ್ಪ? ಕೆಜಿಗೆ ಎರಡ್ ರೂಪಾಯಿ ಜಾಸ್ತಿ ಕೊಡ್ತಾರಾ ಕೇಳು" ಅಂದಿದ್ದರು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದಮೇಲೆ ಅವರ ಅಕ್ಕಪಕ್ಕದ ಚಪ್ಪರಗಳು ಒಂದೊಂದಾಗಿ ಸೈಟುಗಳಾದವು. ಮಾವ ಒಂದೆಕರೆ ಕಿತ್ತರು. ಇನ್ನೊಂದು ಎಕರೆ ಇದೆ, ಮಗ ಎಷ್ಟು ದಿನ ಇಟ್ಕೊತಾನೋ.

ಈ ದ್ರಾಕ್ಷಿಯ ವೈನನ್ನು ನಾನು ಅದರದ್ದೇ ಹೆಸರಿನಲ್ಲಿ ಕುಡಿದದ್ದು ಒಂದೇ ಕಡೆ. ಚಿಕ್ಕವನಿದ್ದಾಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಪಕ್ಕದ ಮನೆಯ ಕ್ರಿಶ್ಚಿಯನ್ ಆಂಟಿ ಕ್ರಿಸ್‌ಮಸ್‌ಗೆ ಎರಡು ತಿಂಗಳು ಮುಂಚೆ ಮಾವ ತಂದುಕೊಟ್ಟ ದ್ರಾಕ್ಷಿಯನ್ನು ಉಪ್ಪಿನಕಾಯಿ ಜಾಡಿಗೆ ಹಾಕಿ ಕಿವುಚಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ಲವಂಗ ಚಕ್ಕೆ ಸೇರಿಸಿ ಬಾಯಿಗೆ ಬಟ್ಟೆ ಕಟ್ಟಿಡೋರು. ದಿನಾ ಮರದ ಸೌಟಿನಲ್ಲಿ ತಿರುವೋ ಕೆಲಸ ನನ್ನದು. ಹಬ್ಬದ ದಿನ ಪುಟ್ಟ ಸ್ಟೀಲ್ ಲೋಟದಲ್ಲಿ ಎರಡು ಗುಟುಕು. ಅಮ್ಮನಿಗೆ ಗೊತ್ತಾಗಬಾರದು ಅಂತ ಮೇಲೊಂದು ರೋಸ್ ಕುಕ್ಕಿ. ಆಂಟಿ ಅದಕ್ಕೆ ಹೇಳ್ತಿದ್ದದ್ದು 'ದೇವನಹಳ್ಳಿ ವೈನು' ಅಂತ.

ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೋಗ್ಲಿ ಬಿಡೋ, ಆಂಟಿ ಕೊಟ್ಟ ಕಾಫಿಪುಡಿ ಎಲ್ಲಿಂದ ತಂದಿದ್ದು? ಹೊರಡೋವಾಗ ಎರಡು ಕೆಜಿ ತಗೊಂಡು ಹೋಗ್ತೀನಿ" ಅಂದ. ಅಂಗಡಿ ಹೆಸರು ಹೇಳಿದೆ. ಚಿಕೋರಿ ವಿಷಯ ಹೇಳಲಿಲ್ಲ :-)