ತುಪ್ಪದ ವೇಷ ತೊಟ್ಟ ಎಣ್ಣೆ

ಹಳದಿ ಬಣ್ಣದ ತಗಡಿನ ಡಬ್ಬಿ, ಮೇಲೊಂದು ಹಸಿರು ತಾಳೆಮರ. ಹಿಂದಿನ ತಲೆಮಾರಿನವರಿಗೆ ಇಷ್ಟು ಹೇಳಿದರೆ ಸಾಕು, ಹೆಸರು ಹೇಳಬೇಕಾಗಿಲ್ಲ. ಒಳಗಿನ ಸರಕು ಖಾಲಿಯಾದ ಮೇಲೂ ಆ ಡಬ್ಬಿಗೆ ಬಿಡುವಿರುತ್ತಿರಲಿಲ್ಲ. ಬೇಳೆ, ರವೆ, ಹುಣಿಸೆಹಣ್ಣು ತುಂಬಿಕೊಂಡು ಅಡುಗೆಮನೆಯ ಅಟ್ಟ ಏರುತ್ತಿತ್ತು. ತುಕ್ಕು ಹಿಡಿದರೆ ಹಿತ್ತಲಿನಲ್ಲಿ ತುಳಸಿಗೋ ಗುಲಾಬಿಗೋ ಕುಂಡವಾಗುತ್ತಿತ್ತು. ಡಾಲ್ಡಾ ಎಂಬುದು ಒಂದು ಕಂಪನಿಯ ಸರಕಿನ ಹೆಸರೆಂಬುದೇ ಮರೆತು, ಯಾರು ತಯಾರಿಸಿದ ವನಸ್ಪತಿಯನ್ನಾದರೂ ಜನ ಡಾಲ್ಡಾ ಎಂದೇ ಕರೆದರು. ಈ ಡಬ್ಬಿ ನಮ್ಮ ಅಡುಗೆಮನೆಗೆ ಬಂದದ್ದು ತುಪ್ಪದ ಜಾಗದಲ್ಲಿ ಕೂರಲು. ಕೂತಿತೇ, ಕೂತು ಏನು ಮಾಡಿತು ಎಂಬುದು ಸ್ವಲ್ಪ ಉದ್ದದ ಕಥೆ.

ಕರ್ನಾಟಕದಲ್ಲಿ ದಿನನಿತ್ಯದ ಅಡುಗೆ ಎಂದೂ ತುಪ್ಪದಲ್ಲಿ ನಡೆದದ್ದಲ್ಲ. ಕರಾವಳಿಯಲ್ಲಿ ತೆಂಗಿನೆಣ್ಣೆ, ಬಯಲುಸೀಮೆಯಲ್ಲಿ ಕಡಲೆಕಾಯಿ ಎಣ್ಣೆ ಮತ್ತು ಹುಚ್ಚೆಳ್ಳೆಣ್ಣೆ, ಉತ್ತರದ ಜಿಲ್ಲೆಗಳಲ್ಲಿ ಕುಸುಬೆ, ಶೇಂಗಾ ಎಣ್ಣೆ ಹೀಗೆ ಗಾಣದಿಂದ ಬಂದದ್ದೇ ಒಗ್ಗರಣೆಗೆ ಆಧಾರ. ತುಪ್ಪ ಬೇರೆಯೇ ಅಂತಸ್ತಿನದು. ದೇವರ ದೀಪಕ್ಕೆ, ಹೋಮಕ್ಕೆ, ಬಾಣಂತಿಗೆ, ಹೋಳಿಗೆಯ ಮೇಲೆ, ಅನ್ನದ ಮೇಲಿನ ಮೊದಲ ತೊಟ್ಟಿಗೆ ಅದು ಬೇಕು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತೆಂದರೆ ಅದೃಷ್ಟ ಎನ್ನುವ ಜನ ನಾವು. ಸುಳ್ಳು ಆಸೆ ತೋರಿಸುವವನನ್ನು ಮೂಗಿಗೆ ತುಪ್ಪ ಸವರುವವ ಎನ್ನುತ್ತೇವೆ. ವಾಸನೆ ಮಾತ್ರ ಸಿಕ್ಕು ನಾಲಿಗೆಗೆ ದಕ್ಕದ ವಸ್ತು ಅದು ಎಂಬುದು ಆ ಮಾತಿನಲ್ಲೇ ಇದೆ.

ದಕ್ಕದಿರುವುದಕ್ಕೆ ಕಾರಣ ಸರಳ ಲೆಕ್ಕ. ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 4ರ ಆಸುಪಾಸು. ಒಂದು ಕಿಲೊ ತುಪ್ಪಕ್ಕೆ ಸುಮಾರು 25 ಲೀಟರ್ ಹಾಲು ಬೇಕು. ಎಮ್ಮೆ ಹಾಲಾದರೆ 15 ಲೀಟರ್‌ವರೆಗೆ ಇಳಿದೀತು. ಹೆಪ್ಪು ಹಾಕಿ, ಕಡಗೋಲಿನಿಂದ ಕಡೆದು, ಬೆಣ್ಣೆ ಕೂಡಿಹಾಕಿ, ಸಣ್ಣ ಉರಿಯಲ್ಲಿ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕಿ ಕಾಯಿಸಿ, ತಳದಲ್ಲಿ ಗಸಿ ಕೆಂಪಗಾಗುವ ಹೊತ್ತಿಗೆ ಇಳಿಸುವ ಶ್ರಮ ಬೇರೆ. ಹೈನಿಲ್ಲದ ಮನೆಗೆ ತುಪ್ಪ ಎಂದರೆ ಕೊಂಡು ತರುವ ವಸ್ತು. ಕೊಂಡು ತರುವ ವಸ್ತು ದುಬಾರಿಯಾದಾಗ ಕಲಬೆರಕೆ ತಾನಾಗಿಯೇ ಹಿಂದೆ ಬರುತ್ತದೆ.

ಅದರ ದೊಡ್ಡ ಪ್ರಕರಣ ನಡೆದದ್ದು 1917ರಲ್ಲಿ, ಕಲ್ಕತ್ತೆಯಲ್ಲಿ. ಪೇಟೆಯ ತುಪ್ಪದಲ್ಲಿ ಪ್ರಾಣಿಗಳ ಕೊಬ್ಬು ಬೆರೆಸಲಾಗುತ್ತಿದೆ ಎಂಬುದು ಬಯಲಾದಾಗ ನಗರ ತಲ್ಲಣಿಸಿತು. ತಿಳಿಯದೆ ತಿಂದ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಸಾವಿರಾರು ಬ್ರಾಹ್ಮಣರು ಹೂಗ್ಲಿ ನದಿಯ ದಂಡೆಯಲ್ಲಿ ಸೇರಿದರು. ಮಾರವಾಡಿ ವರ್ತಕರ ಸಂಘ ತನ್ನವರೇ ಆದ ತಪ್ಪಿತಸ್ಥರಿಗೆ ದಂಡ ವಿಧಿಸಿತು, ಬಹಿಷ್ಕಾರ ಹಾಕಿತು. ಬಂಗಾಳ ಸರ್ಕಾರ ಅದೇ ವರ್ಷ ತುಪ್ಪದ ಕಲಬೆರಕೆಯ ವಿರುದ್ಧ ಕಾನೂನು ತಂದಿತು. ಅದಕ್ಕೂ 60 ವರ್ಷ ಹಿಂದೆ, 1857ರಲ್ಲಿ, ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಹಸು, ಹಂದಿಯ ಕೊಬ್ಬು ಸವರಲಾಗಿದೆ ಎಂಬ ಸುದ್ದಿ ಸಿಪಾಯಿಗಳನ್ನು ಕೆರಳಿಸಿತ್ತು. ಇಂಗ್ಲಿಷರಿಗೆ ಜಿಡ್ಡು ಬರೀ ಜಿಡ್ಡಾಗಿದ್ದಿರಬಹುದು. ಇಲ್ಲಿ ಅದು ಜಾತಿ, ಧರ್ಮ, ಮಾನದ ಪ್ರಶ್ನೆ.

ಅತ್ತ ಯೂರೋಪಿನಲ್ಲೂ ಕೊಬ್ಬಿನ ಬರ ಬೇರೆ ಬಗೆಯಲ್ಲಿ ಕಾಡುತ್ತಿತ್ತು. ಅಲ್ಲಿ ಬೇಕಾಗಿದ್ದುದು ಅಗ್ಗದ ಬೆಣ್ಣೆ. ಮೂರನೇ ನೆಪೋಲಿಯನ್ ಕಾಲದಲ್ಲಿ, 1869ರಲ್ಲಿ, ಮೆಜ್ ಮೂರಿಯೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ದನದ ಕೊಬ್ಬಿನಿಂದ ಮಾರ್ಗರಿನ್ ತಯಾರಿಸಿದ. ಕೊಬ್ಬೂ ಸಾಲದಾದಾಗ ಕಣ್ಣು ಎಣ್ಣೆಗಳ ಕಡೆ ಹೊರಳಿತು. ತೊಂದರೆ ಎಂದರೆ ಎಣ್ಣೆ ಹರಿಯುತ್ತದೆ, ಬೆಣ್ಣೆ ನಿಲ್ಲುತ್ತದೆ. ಹರಿಯುವುದನ್ನು ನಿಲ್ಲಿಸುವ ಉಪಾಯವನ್ನು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಕಂಡುಹಿಡಿದು 1902ರಲ್ಲಿ ಪೇಟೆಂಟ್ ಪಡೆದ. ಬಿಸಿ ಎಣ್ಣೆಗೆ ನಿಕ್ಕಲ್ ಲೋಹದ ಪುಡಿ ಸೇರಿಸಿ ಒತ್ತಡದಲ್ಲಿ ಜಲಜನಕ ಅನಿಲ ಹಾಯಿಸಿದರೆ, ಎಣ್ಣೆಯ ಅಣುಗಳಲ್ಲಿನ ಜೋಡಿಬಂಧಗಳಿಗೆ ಜಲಜನಕ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿಕೊಂಡರೆ ಅಷ್ಟು ಗಟ್ಟಿ. ಅಮೆರಿಕದಲ್ಲಿ 1911ರಲ್ಲಿ ಹತ್ತಿಬೀಜದ ಎಣ್ಣೆಯಿಂದ ತಯಾರಾದ ಕ್ರಿಸ್ಕೋ, ಹಂದಿಕೊಬ್ಬಿನ ಜಾಗಕ್ಕೆ ಬಂತು.

ಇದೇ ಜಾದೂ ಭಾರತಕ್ಕೆ ಬಂದಾಗ ಅದರ ಗುರಿ ತುಪ್ಪವಾಯಿತು. ಮೊದಲು ಹಾಲೆಂಡಿನಿಂದ ಡಬ್ಬಿಗಳು ಬಂದವು. ಡಾಡಾ ಎಂಬ ಡಚ್ ಕಂಪನಿಯ ಹೆಸರಿನ ನಡುವೆ ಲೀವರ್ ಕಂಪನಿ ತನ್ನ ‘ಎಲ್’ ಅಕ್ಷರ ತೂರಿಸಿದ್ದರಿಂದ ‘ಡಾಲ್ಡಾ’ ಹುಟ್ಟಿತೆಂದು ಹೇಳುತ್ತಾರೆ. ಲೀವರ್‌ನವರು 1931ರಲ್ಲಿ ಹಿಂದೂಸ್ತಾನ್ ವನಸ್ಪತಿ ಕಂಪನಿ ಸ್ಥಾಪಿಸಿ, ಮುಂಬಯಿಯ ಸೇವ್ಡಿಯಲ್ಲಿ ಕಾರ್ಖಾನೆ ತೆರೆದರು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ಸಂಸ್ಕೃತದಲ್ಲಿ ಕಾಡಿನ ಒಡೆಯ ಎಂಬ ಅರ್ಥದ ಘನವಾದ ಪದ ವನಸ್ಪತಿ. ಕಾರ್ಖಾನೆಯ ಕೊಬ್ಬಿಗೆ ಇಷ್ಟು ಚೆಂದದ ಹೆಸರಿಟ್ಟವರ ಜಾಣತನವನ್ನು ಮೆಚ್ಚಬೇಕು.

ಮಾರಾಟ ಮಾತ್ರ ಸುಲಭವಿರಲಿಲ್ಲ. ಶತಮಾನಗಳಿಂದ ತುಪ್ಪದ ಪರಿಮಳಕ್ಕೆ ಒಗ್ಗಿದ ಮೂಗನ್ನು ಒಲಿಸಬೇಕಿತ್ತು. ಲಿಂಟಾಸ್ ಜಾಹೀರಾತು ಸಂಸ್ಥೆ 1939ರಲ್ಲಿ ಹೂಡಿದ ಪ್ರಚಾರ ದೇಶ ಅದುವರೆಗೆ ಕಾಣದಂಥದ್ದು. ಚಿತ್ರಮಂದಿರಗಳಲ್ಲಿ ಕಿರುಚಿತ್ರ, ಬೀದಿಗಳಲ್ಲಿ ಡಬ್ಬಿಯ ಆಕಾರದ ವ್ಯಾನು, ಓದುಬಲ್ಲವರಿಗೆ ಕರಪತ್ರ, ಪೇಟೆಯಲ್ಲಿ ಮಳಿಗೆ ಹಾಕಿ ಅಲ್ಲೇ ಕರಿದು ಕೈಗಿಟ್ಟ ತಿಂಡಿ. ಮನೆಗೆ ಚಿಕ್ಕ ಡಬ್ಬಿ, ಹೋಟೆಲಿಗೆ ದೊಡ್ಡ ಡಬ್ಬಿ. ಮೊಹರಾದ ಡಬ್ಬಿಯಲ್ಲಿ ಕೈಸೋಕದ, ಪ್ರಾಣಿಯ ಸೋಂಕಿಲ್ಲದ ಶುದ್ಧ ಸಸ್ಯಜನ್ಯ ಎಂಬ ಭರವಸೆ. ಕಲ್ಕತ್ತೆಯ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಈ ಮಾತಿಗೆ ಎಷ್ಟು ಬೆಲೆ ಇತ್ತೆಂಬುದನ್ನು ಊಹಿಸಬಹುದು. ಡಬ್ಬಿಯೊಳಗಿನ ಕೊಬ್ಬಿಗೆ ತುಪ್ಪದ ಹಾಗೆ ಹರಳು ಹರಳಾದ ರೂಪ ಬರುವಂತೆಯೂ ನೋಡಿಕೊಂಡರು. ಮದುವೆ ಮನೆಯ ಲಾಡು, ಹೋಟೆಲಿನ ಪೂರಿ, ಬೇಕರಿಯ ಪಫ್‌ಗಳಿಗೆ ಅದು ಹೊಂದಿಕೊಂಡಿತು. ಹಬ್ಬದ ದಿನ ತುಪ್ಪ ಕೊಳ್ಳಲಾಗದ ಮನೆಯಲ್ಲೂ ಸಿಹಿ ಆಯಿತು. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವುದು ಹೊಟ್ಟೆ ತುಂಬಿದವರ ಧೋರಣೆಯಾದೀತು.

ಆದರೆ ತುಪ್ಪದಂತೆ ಕಾಣುವ ವಸ್ತು ತುಪ್ಪದೊಳಗೆ ಸೇರದೆ ಇದ್ದೀತೆ? ಕಲಬೆರಕೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವರ ಸಿಗುವಂತಿರಲಿಲ್ಲ. ಗಾಂಧೀಜಿ 1940ರ ದಶಕದಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ವನಸ್ಪತಿಯನ್ನು ಕಟುವಾಗಿ ವಿರೋಧಿಸಿದರು. ಅವರ ದೃಷ್ಟಿಯಲ್ಲಿ ಅದು ಹೈನುಗಾರರಿಗೂ ತಿನ್ನುವವರಿಗೂ ಮೋಸ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಠಾಕೂರ್ ದಾಸ್ ಭಾರ್ಗವ ಮುಂತಾದವರು ನಿಷೇಧಕ್ಕೆ ಪಟ್ಟು ಹಿಡಿದರು. ಸರ್ಕಾರ ಒಪ್ಪಲಿಲ್ಲ. ಹಾಗಾದರೆ ಬಣ್ಣವನ್ನಾದರೂ ಹಾಕಿ, ನೋಡಿದೊಡನೆ ಗುರುತು ಸಿಗಲಿ ಎಂಬ ಬೇಡಿಕೆ ಬಂತು. ಕಾಯಿಸಿದರೆ ಹೋಗದ, ತಿಂದರೆ ಕೆಡುಕು ಮಾಡದ, ಸುಲಭವಾಗಿ ತೆಗೆಯಲಾಗದ ಬಣ್ಣಕ್ಕಾಗಿ ಹುಡುಕಾಟ ವರ್ಷಗಟ್ಟಲೆ ನಡೆದು, ಕೊನೆಗೆ ಕೈಗೂಡಲಿಲ್ಲ.

ಕೈಗೂಡಿದ್ದು ಎಳ್ಳೆಣ್ಣೆ. ವನಸ್ಪತಿಯಲ್ಲಿ ಕನಿಷ್ಠ ಶೇಕಡಾ 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂದು ನಿಯಮವಾಯಿತು. ಎಳ್ಳೆಣ್ಣೆಗೆ ಹೈಡ್ರೋಕ್ಲೋರಿಕ್ ಆಮ್ಲ, ಫರ್ಫ್ಯುರಾಲ್ ಸೇರಿಸಿ ಕುಲುಕಿದರೆ ಕೆಂಪುಬಣ್ಣ ಮೂಡುತ್ತದೆ. ಬೌಡ್ವಿನ್ ಪರೀಕ್ಷೆ ಎಂದು ಇದರ ಹೆಸರು. ತುಪ್ಪದ ಮಾದರಿ ಕೆಂಪಾದರೆ ಕಳ್ಳ ಸಿಕ್ಕಿದಂತೆ. ಜೊತೆಗೆ ತುಪ್ಪದಲ್ಲಿ ಸಹಜವಾಗಿರುವ ಎ ಜೀವಸತ್ವವನ್ನು ವನಸ್ಪತಿಗೆ ಬೆರೆಸುವುದೂ ಕಡ್ಡಾಯವಾಯಿತು.

ಆರೋಗ್ಯದ ಮಾತು? ಸರ್ಕಾರ ಅದನ್ನೂ ವಿಜ್ಞಾನಿಗಳ ಮುಂದಿಟ್ಟಿತ್ತು. ಇಲಿಗಳ ಮೇಲೆ ಪ್ರಯೋಗ ನಡೆದವು. 37 ಡಿಗ್ರಿ ಸೆಂಟಿಗ್ರೇಡ್‌ನಲ್ಲಿ, ಅಂದರೆ ಮೈಯ ಬಿಸಿಯಲ್ಲಿ, ಕರಗುವ ವನಸ್ಪತಿ ಕಡಲೆಕಾಯಿ ಎಣ್ಣೆಗಿಂತ ಕೆಟ್ಟದ್ದಲ್ಲ ಎಂಬ ತೀರ್ಮಾನ ಬಂತು. ಆ ಕಾಲದ ಅಳತೆಗೋಲಿನಲ್ಲಿ ಅದು ಪ್ರಾಮಾಣಿಕ ಉತ್ತರವೇ ಇರಬೇಕು. ಇಲಿ ಬೆಳೆಯಿತೇ, ಮರಿ ಹಾಕಿತೇ ಎಂದು ನೋಡಿದರು. ಐವತ್ತು ದಾಟಿದ ಮನುಷ್ಯನ ಹೃದಯದ ರಕ್ತನಾಳದಲ್ಲಿ ಏನಾಗುತ್ತದೆ ಎಂದು ಇಲಿ ಹೇಳಲಾರದು.

ಅದನ್ನು ಹೇಳಿದ್ದು 1990ರಲ್ಲಿ ಪ್ರಕಟವಾದ ಡಚ್ ಸಂಶೋಧನೆ. ಮೆನ್ಸಿಂಕ್ ಮತ್ತು ಕಾಟನ್ ಮನುಷ್ಯರಿಗೇ ಟ್ರಾನ್ಸ್ ಕೊಬ್ಬು ತಿನ್ನಿಸಿ ರಕ್ತ ಪರೀಕ್ಷಿಸಿದರು. ಜಲಜನಕ ಪೂರ್ತಿಯಾಗಿ ಸೇರದೆ ಅರ್ಧಕ್ಕೆ ನಿಂತಾಗ ಎಣ್ಣೆಯ ಕೆಲವು ಅಣುಗಳು ಬಾಗಿದ ರೂಪ ಬಿಟ್ಟು ನೆಟ್ಟಗಾಗುತ್ತವೆ. ಇವೇ ಟ್ರಾನ್ಸ್ ಕೊಬ್ಬು. ಅವು ಕೆಟ್ಟ ಕೊಲೆಸ್ಟೆರಾಲ್ ಹೆಚ್ಚಿಸುವುದರ ಜೊತೆಗೆ ಒಳ್ಳೆಯದನ್ನು ತಗ್ಗಿಸುತ್ತವೆ ಎಂದು ತಿಳಿಯಿತು. ಡೆನ್ಮಾರ್ಕ್ 2003ರಲ್ಲಿ ಶೇಕಡಾ 2ರ ಮಿತಿ ಹಾಕಿತು. ಭಾರತ 2011ರಲ್ಲಿ ಶೇಕಡಾ 10, 2015ರಲ್ಲಿ 5, 2021ರಲ್ಲಿ 3 ಎಂದು ಮೆಟ್ಟಿಲಿಳಿಯುತ್ತಾ 2022ರ ಜನವರಿಯಲ್ಲಿ ಆ 2ಕ್ಕೆ ತಲುಪಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನ ತಿಂದ ಮೇಲೆ. ಗಾಂಧೀಜಿಯ ಸಂಶಯ ಸರಿಯಾಗಿತ್ತು, ಆದರೆ ಅವರ ಕಾಲದಲ್ಲಿ ಯಾರಿಗೂ ಕಾಣದಿದ್ದ ಕಾರಣಕ್ಕೆ. ಹಾಗೆಂದು ತುಪ್ಪವನ್ನು ಸೌಟುಗಟ್ಟಲೆ ಸುರಿದುಕೊಳ್ಳಲು ವೈದ್ಯರ ಅನುಮತಿ ಸಿಕ್ಕಿಲ್ಲ. ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು. ಅದರ ಲೆಕ್ಕ ಬೇರೆಯೇ ಇದೆ.

ಕುತೂಹಲದ ಸಂಗತಿ ಎಂದರೆ, ಡಾಲ್ಡಾದ ಕಾಲ ಮುಗಿಯತೊಡಗಿದ್ದು ಹೃದಯದ ಭಯದಿಂದಲ್ಲ, ಹಳೆಯ ಭಯದಿಂದಲೇ. ಸಾಬೂನಿಗೆಂದು ಆಮದಾದ ದನದ ಕೊಬ್ಬನ್ನು ಕೆಲವರು ವನಸ್ಪತಿಗೆ ಬೆರೆಸಿದ್ದಾರೆ ಎಂಬ ಹಗರಣ 1983ರಲ್ಲಿ ಸಿಡಿಯಿತು. ದೇಶದಾದ್ಯಂತ ಗದ್ದಲವೆದ್ದು, ಸರ್ಕಾರ ಆ ಕೊಬ್ಬಿನ ಆಮದನ್ನೇ ನಿಷೇಧಿಸಿತು. ಸಸ್ಯಜನ್ಯ ಎಂಬ ಭರವಸೆಯ ಮೇಲೆ ನಿಂತಿದ್ದ ವಸ್ತುವಿನ ಬುಡಕ್ಕೇ ಪೆಟ್ಟು ಬಿತ್ತು. ಒಳಗಿರುವುದು ಕಾಣುವ ತಿಳಿಯಾದ ಎಣ್ಣೆಯತ್ತ ಜನ ತಿರುಗಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ‘ಧಾರಾ’ 1988ರಲ್ಲಿ ಬಂತು. ನಮ್ಮ ಬಯಲುಸೀಮೆಯ ಹೊಲಗಳು ಸೂರ್ಯಕಾಂತಿಯಿಂದ ಹಳದಿಯಾದವು. ಆ ಬೆಳೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಗೆ ಬಂತು. ಡಾಲ್ಡಾ ಹೆಸರನ್ನು ಅದರ ಒಡೆಯರು 2003ರಲ್ಲಿ ಬಂಗೆ ಕಂಪನಿಗೆ ಮಾರಿದರು.

ಪ್ರಾಣಿಕೊಬ್ಬಿನ ಗುಮಾನಿ ಮಾತ್ರ ಎಲ್ಲೂ ಹೋಗಿಲ್ಲ. ತಿರುಪತಿ ಲಡ್ಡುವಿನ ತುಪ್ಪದಲ್ಲಿ ಅದಿತ್ತೆಂದು 2024ರ ಸೆಪ್ಟೆಂಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಆರೋಪಿಸಿದಾಗ ಎದ್ದ ಅಲೆ, ಸುಪ್ರೀಂ ಕೋರ್ಟ್ ವಿಶೇಷ ತನಿಖಾ ತಂಡ ರಚಿಸುವವರೆಗೆ ಹೋಯಿತು. ಕಲ್ಕತ್ತೆಯ 1917ನ್ನು ಬಲ್ಲವರಿಗೆ ಅದು ಹೊಸದೆನಿಸಿರಲಾರದು.

ಇನ್ನು ಆ ಹಸಿರು ಮರ. ಡಬ್ಬಿಯ ಮೇಲೆ ತಾಳೆಯ ಚಿತ್ರವಿದ್ದರೂ ಮೊದಲ ದಶಕಗಳಲ್ಲಿ ಒಳಗಿದ್ದುದು ಬಹುಪಾಲು ಕಡಲೆಕಾಯಿ ಎಣ್ಣೆ. ಟ್ರಾನ್ಸ್ ಕೊಬ್ಬಿನ ಮಿತಿ ಬಿಗಿಯಾಗುತ್ತಾ ಬಂದಂತೆ, ಜಲಜನಕದ ಹಂಗಿಲ್ಲದೆ ತಾನಾಗಿಯೇ ಅರೆಗಟ್ಟಿಯಾಗಿರುವ ತಾಳೆ ಎಣ್ಣೆಗೆ ಬೇಡಿಕೆ ಏರಿತು. ಬಿಸ್ಕತ್ತು, ಕುರುಕಲು ತಿಂಡಿಯ ಪೊಟ್ಟಣದ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ ನೋಡಿ, ಬಹುತೇಕ ಅದೇ ಇರುತ್ತದೆ. ಬರುವುದು ಹೆಚ್ಚಾಗಿ ಇಂಡೊನೇಷ್ಯ, ಮಲೇಷ್ಯಗಳಿಂದ, ಹಡಗಿನಲ್ಲಿ.